ಆಸ್ಪತ್ರೆ ದೋಣಿಯ ಸಡಿಲ ನಟ್ಟು

ಊರಿನಲ್ಲಿ ನನಗೊಂದು ಅಡ್ಡಹೆಸರಿದೆ: ಸಡಿಲ ನಟ್ಟು. ಸಂತೆಯಲ್ಲಿ ಬದನೆಕಾಯಿ ಆರಿಸುತ್ತಿದ್ದರೂ ಯಾರಾದರೂ ಹಿಂದಿನಿಂದ, "ಏನ್ ಸಡಿಲ ನಟ್ಟಮ್ಮಾ, ಚೆನ್ನಾಗಿದೀಯಾ?" ಎಂದು ಕೂಗುತ್ತಾರೆ. ಮೊದಲಿನ ದೇವೀರಮ್ಮನಾಗಿದ್ದರೆ ಅದೇ ಬದನೆಕಾಯಿಯನ್ನು ಅವರ ಹಣೆಗೆ ಗುರಿಯಿಟ್ಟು ಎಸೆಯುತ್ತಿದ್ದೆ. ಈಗ "ಓ" ಎನ್ನುತ್ತೇನೆ. ಈ ಹೆಸರು ಹೇಗೆ ಬಂತೆಂದು ಎಂಟು ವರ್ಷ ಯಾರ ಮುಂದೆಯೂ ಬಾಯಿಬಿಟ್ಟಿರಲಿಲ್ಲ. ಹೋದ ತಿಂಗಳು ಚೆನ್ನಾಜಮ್ಮ ತೀರಿಕೊಂಡರು. ಹೋಗುವ ಮೊದಲು ನನ್ನ ಕೈ ಹಿಡಿದುಕೊಂಡು, "ನಾನ್ ಹೋದ್ಮೇಲೆ ಹೇಳ್ಬಿಡು ದೇವೀರಿ. ನನ್ ಮೊಮ್ಮಗಳಿಗೂ ಗೊತ್ತಾಗ್ಲಿ" ಎಂದರು. ಅದಕ್ಕೇ ಹೇಳುತ್ತಿದ್ದೇನೆ.

ನಮ್ಮೂರಿನಲ್ಲಿ ಕರೆಂಟು ಕೆರೆಯ ನೀರಿನ ಮೇಲೆ ಮಾತ್ರ ನಿಲ್ಲುತ್ತದೆ. ಉರಿಯುವ ಬಲ್ಬನ್ನು ಬ್ಯಾಟರಿ ಸಮೇತ ಎತ್ತಿಕೊಂಡು ದಡದ ಮೆಟ್ಟಿಲು ಹತ್ತಿದರೆ ಮೂರನೇ ಮೆಟ್ಟಿಲಿಗೆ ಆರುತ್ತದೆ, ಇಳಿದು ಬಂದರೆ ಮತ್ತೆ ಹತ್ತುತ್ತದೆ. ಹಾಗಾಗಿ ಮನೆಗಳೆಲ್ಲ ದಡದಲ್ಲಿವೆ, ಮಿಕ್ಸಿಗಳೆಲ್ಲ ನೀರಿನಲ್ಲಿವೆ. ಬೆಳಗ್ಗೆ ಹೆಂಗಸರು ತೆಂಗಿನತುರಿ, ಹುರಿಗಡಲೆ, ಹಸಿಮೆಣಸು ಡಬ್ಬಿಗೆ ಹಾಕಿಕೊಂಡು ಚಟ್ನಿ ದೋಣಿಯ ಮುಂದೆ ಸಾಲು ನಿಲ್ಲುತ್ತಾರೆ. ಇಸ್ತ್ರಿಗೊಂದು ದೋಣಿ, ಸಿನಿಮಾಕ್ಕೊಂದು, ಐಸಿಗೊಂದು. ಮದುವೆಯಲ್ಲಿ ಗಂಡುಹೆಣ್ಣು ದಡದ ಚಪ್ಪರದಲ್ಲಿ ಕೂತಿದ್ದರೆ ಓಲಗದವರು ಮೈಕಿನ ಸಮೇತ ನೀರಿನಲ್ಲಿ ತೇಲುತ್ತಿರುತ್ತಾರೆ; ಗಾಳಿ ತಿರುಗಿತೋ, ಗಟ್ಟಿಮೇಳ ಎದುರು ದಡದ ಎಮ್ಮೆಗಳಿಗೆ ಕೇಳಿಸುತ್ತದೆ. ಎಲ್ಲರೂ ಪಾಲಿಸುವ ನಿಯಮ ಒಂದೇ. ಕೊನೇ ಮೆಟ್ಟಿಲಲ್ಲಿ ಕಾಲು ತೊಳೆದು ದೋಣಿ ಹತ್ತಬೇಕು. ಮಣ್ಣು ಬಂದರೆ ಕರೆಂಟು ಸೊರಗುತ್ತದೆ. ದೋಣಿಯ ತಳವೇ ಕೆಸರಿಗೆ ತಾಗಿದರಂತೂ ಪೂರ್ತಿ ಹೋಗಿಬಿಡುತ್ತದೆ.

ಇನ್ನೊಂದು ಪದ್ಧತಿಯೂ ಇದೆ. ಹೆರಿಗೆಗಳು ಆಗುವುದು ಆಸ್ಪತ್ರೆ ದೋಣಿಯಲ್ಲಿ. ಆದರೆ ಅವತ್ತೇ ಸಂಜೆಯೊಳಗೆ ಮಗುವನ್ನು ದಡಕ್ಕೆ ತಂದು, ಮನೆಯಂಗಳದ ಮಣ್ಣಿಗೆ ಅದರ ಹಿಮ್ಮಡಿ ಮುಟ್ಟಿಸುತ್ತಾರೆ. ಹಾಗೆ ಮಾಡದಿದ್ದರೆ ನೀರು ಮಗುವನ್ನು ವಾಪಸ್ಸು ಕೇಳುತ್ತದೆ ಎಂದು ಹಳಬರಿಗೆ ಭಯ. ನಾನು ನಂಬುವವಳಲ್ಲ, ಆದರೆ ನನ್ನ ಹಿಮ್ಮಡಿಯನ್ನೂ ಮುಟ್ಟಿಸಿದ್ದರಂತೆ.

ನಾನು ದೋಣಿಗಳ ಬ್ಯಾಟರಿ, ಇನ್ವರ್ಟರ್ ರಿಪೇರಿ ಮಾಡುವವಳು. ಕೆಲಸ ಕಲಿಸಿದವರು ದಸ್ತಗೀರ್ ಸಾಬರು. ಸೇರಿದ ಮೊದಲ ವರ್ಷ, ಹತ್ತೊಂಬತ್ತರ ಹುಡುಗಿ ನಾನು, ಸಿನಿಮಾ ದೋಣಿಯ ಹೊಸ ಇನ್ವರ್ಟರಿಗೆ ಪ್ಲಸ್ಸು ಮೈನಸ್ಸು ಅದಲುಬದಲು ಕೊಟ್ಟು ಢಂ ಎನ್ನಿಸಿದೆ. ದಡದ ತುಂಬ ಸಿನಿಮಾಕ್ಕೆ ಕಾದ ಜನ. "ಯಾವನು ಕೊಟ್ಟಿದ್ದು ವೈರು?" ಎಂದು ಗದ್ದಲವೆದ್ದಾಗ ನನ್ನ ನಾಲಿಗೆ ಒಣಗಿತ್ತು. ಸಾಬರು ಎದ್ದು ನಿಂತು, "ನಾನೇ ಕಣ್ರಪ್ಪ. ಕಣ್ಣು ಮಂಜಾಗ್ತಿದೆ, ಕೆಂಪು ಯಾವ್ದು ಕಪ್ಪು ಯಾವ್ದು ತಿಳೀಲಿಲ್ಲ" ಎಂದುಬಿಟ್ಟರು. ಅಂದಿನಿಂದ ಅವರು ಊರಿಗೆಲ್ಲ ಮಂಜುಗಣ್ಣಿನ ಸಾಬರು. ನಿಜ ಹೇಳಬೇಕೆಂದರೆ ಎಪ್ಪತ್ತು ದಾಟಿದ ಮೇಲೂ ಅವರು ಕನ್ನಡಕವಿಲ್ಲದೆ ಸೂಜಿಗೆ ದಾರ ಪೋಣಿಸುತ್ತಿದ್ದರು. ನಾನು ಅವರಿಗೆ ಒಂದು ಒಳ್ಳೆಯ ಮಾತು ಕೂಡ ಹೇಳಲಿಲ್ಲ. ಮೊದಲು ನಾಚಿಕೆಯಾಗಿ ಹೇಳಲಿಲ್ಲ, ಆಮೇಲೆ ಜಂಬ ಬಂದು ಹೇಳಲಿಲ್ಲ. ಮುಂದಿನ ಇಪ್ಪತ್ತೆಂಟು ವರ್ಷ ನನ್ನ ಕೈಯಲ್ಲಿ ಒಂದು ತಪ್ಪೂ ಆಗಲಿಲ್ಲ ನೋಡಿ. ದೇವೀರಿ ಬಿಗಿದ ನಟ್ಟನ್ನು ಬಿಚ್ಚುವುದಕ್ಕೂ ದೇವೀರಿಯೇ ಬೇಕು ಎಂದು ಜನ ಮಾತಾಡಿಕೊಳ್ಳುವಾಗ ನಾನು ಸುಮ್ಮನೆ ತಲೆಯಾಡಿಸಿ ಕೇಳಿಸಿಕೊಳ್ಳುತ್ತಿದ್ದೆ.

ಆ ವರ್ಷ ಪುಷ್ಯದ ಚಳಿ ಮೂಳೆಗೆ ಇಳಿಯುವ ಹಾಗಿತ್ತು. ಚೆನ್ನಾಜಮ್ಮನ ಮಗಳು ಸುಗುಣನಿಗೆ ಏಳು ತಿಂಗಳಿಗೇ ಹೆರಿಗೆಯಾಯಿತು. ಹೆಣ್ಣುಕೂಸು, ತೂಕ ಒಂದು ಕೆಜಿ ಇನ್ನೂರು ಗ್ರಾಂ. ಅದನ್ನು ಆಸ್ಪತ್ರೆ ದೋಣಿಯ ಬಿಸಿ ಪೆಟ್ಟಿಗೆಯಲ್ಲಿ ಮಲಗಿಸಿದ್ದರು. ಗಾಜಿನ ಮುಚ್ಚಳದ ಆ ಪೆಟ್ಟಿಗೆ ನಡೆಯುವುದು ಇನ್ವರ್ಟರಿನಿಂದ, ಇನ್ವರ್ಟರ್ ನಡೆಯುವುದು ಎರಡು ದೊಡ್ಡ ಬ್ಯಾಟರಿಗಳಿಂದ. ಮೂರನ್ನೂ ಜೋಡಿಸಿದವಳು ನಾನೇ. ಕನಿಷ್ಠ ಒಂದು ತಿಂಗಳು ಕೂಸು ಪೆಟ್ಟಿಗೆ ಬಿಟ್ಟು ಈಚೆ ಬರುವಂತಿಲ್ಲ ಎಂದು ನರ್ಸ್ ವಿಮಲಾಕ್ಷಿ ಹೇಳಿದ್ದರು. ದಡಕ್ಕೆ ಒಯ್ಯುವ ಮಾತಂತೂ ಇಲ್ಲವೇ ಇಲ್ಲ.

ಎಂಟನೇ ದಿನ ಬೆಳಗ್ಗೆ ನಾನು ತಟ್ಟೆಗೆ ಉಪ್ಪಿಟ್ಟು ಹಾಕಿಕೊಳ್ಳುತ್ತಿದ್ದೆ. ಕಿಟಕಿಯಿಂದ ನೋಡಿದರೆ ಆಸ್ಪತ್ರೆ ದೋಣಿಯ ಮೇಲೆ ಕೆಂಪು ಬಟ್ಟೆ ಹಾರುತ್ತಿತ್ತು. ಕರೆಂಟು ಕೈಕೊಟ್ಟಿದೆ ಎಂದು ಅದರ ಅರ್ಥ. ಉಪ್ಪಿಟ್ಟನ್ನು ಹಾಗೇ ಬಿಟ್ಟು ಚೀಲ ಹೆಗಲಿಗೇರಿಸಿ ಓಡಿದೆ. ಎಷ್ಟೇ ಅವಸರವಿದ್ದರೂ ಕೊನೇ ಮೆಟ್ಟಿಲಲ್ಲಿ ಕಾಲು ತೊಳೆದೆ.

ಒಳಗೆ ಬಿಸಿ ಪೆಟ್ಟಿಗೆ ಖಾಲಿಯಿತ್ತು. ಕೂಸನ್ನು ಸುಗುಣನ ಎದೆಗೆ ಅವಚಿ ಮೇಲೆ ಮೂರು ಕಂಬಳಿ ಹೊದಿಸಿದ್ದರು. ಹೆರಿಗೆಯ ನಿತ್ರಾಣದಲ್ಲಿದ್ದ ಸುಗುಣ ಚಳಿಜ್ವರಕ್ಕೆ ತಾನೇ ಗಡಗಡ ನಡುಗುತ್ತಿದ್ದಳು. ಬ್ಯಾಟರಿ ಪೆಟ್ಟಿಗೆಯ ಮೇಲಿನ ಬೆಂಚಿನಲ್ಲಿ ಚೆನ್ನಾಜಮ್ಮ ಮುದುಡಿ ಕೂತಿದ್ದರು, ಸೊಂಟದಲ್ಲಿ ಯಾವಾಗಲೂ ಇರುವ ಎಲೆಅಡಿಕೆ ಸಂಚಿ.

"ಯಾವಾಗಿಂದ?" ಎಂದೆ.

"ಏಳೂವರೆಗೆ ಅಜ್ಜಿ ಗಂಜಿ ತಗೊಂಡ್ ಬಂದ್ರಲ್ಲ, ಆಗ ಸರಿಯಾಗೇ ಇತ್ತು. ಅವರು ಕೂತ್ಕೋತಿದ್ದ ಹಾಗೇ ಇನ್ವರ್ಟರ್ ಕೀಂಯ್ ಅಂತು, ಪೆಟ್ಟಿಗೆ ಆಫ್ ಆಯ್ತು" ಎಂದರು ವಿಮಲಾಕ್ಷಿ. "ಕೂಸಿನ ಮೈಬಿಸಿ ಈಗ ಮೂವತ್ತಾರು ಡಿಗ್ರಿಗೆ ಇಳಿದಿದೆ ದೇವೀರಮ್ಮ. ಮೂವತ್ತೈದರ ಕೆಳಗೆ ಇಳಿದ್ರೆ ನನ್ನ ಕೈಲಿಲ್ಲ."

"ನನ್ ಇನ್ವರ್ಟರ್ ಸುಮ್‌ಸುಮ್ನೆ ಕೀಂಯ್ ಅನ್ನಲ್ಲ. ಏನಾದ್ರೂ ಹೆಚ್ಚಿಗೆ ಸಿಕ್ಸಿದ್ರಾ? ಹೀಟರು, ಗೀಟರು?" ಎಂದು ರೇಗಿದೆ.

"ಆಣೆ ಮಾಡ್ಲಾ? ಮೊದ್ಲು ಕೆಲ್ಸ ನೋಡ್ರೀ!"

ಅಜ್ಜಿಯನ್ನು ಪಕ್ಕಕ್ಕೆ ಸರಿಸಿ ಬ್ಯಾಟರಿ ಪೆಟ್ಟಿಗೆ ತೆಗೆದೆ. ಮೀಟರ್ ಇಟ್ಟು ನೋಡಿದರೆ ಹನ್ನೆರಡೂ ಮುಕ್ಕಾಲು ವೋಲ್ಟು, ಗಟ್ಟಿಮುಟ್ಟಾಗಿದೆ. ಬಿಸಿ ಪೆಟ್ಟಿಗೆಯ ಸ್ವಿಚ್ಚು ಹಾಕಿಸಿದ ತಕ್ಷಣ ಮುಳ್ಳು ಹತ್ತಕ್ಕೆ ಬಿತ್ತು, ಇನ್ವರ್ಟರ್ ಕೀಂಯ್ ಎಂದು ಕೈಚೆಲ್ಲಿತು. ಸುಮ್ಮನಿದ್ದಾಗ ಸರಿಯಿದ್ದು ಭಾರ ಬಿದ್ದಾಗ ಕುಸಿದರೆ, ಎಲ್ಲೋ ಜೋಡಣೆಯಲ್ಲಿ ತೊಂದರೆ ಎಂದು ಅರ್ಥ. ಇಲ್ಲವೇ ಬ್ಯಾಟರಿಗೆ ವಯಸ್ಸಾಗಿದೆ. ಒಂದೊಂದೇ ಟರ್ಮಿನಲ್ ಬಿಚ್ಚಿ ಉಪ್ಪುಕಾಗದದಿಂದ ಹೊಳೆಯುವ ತನಕ ಉಜ್ಜಿ, ಮತ್ತೆ ಬಿಗಿದೆ. ಸ್ವಿಚ್ಚು ಹಾಕಿಸಿದೆ. ಕೀಂಯ್. ಫ್ಯೂಸ್ ತೆಗೆದು ನೋಡಿದೆ, ಚೆನ್ನಾಗಿತ್ತು. ದಪ್ಪ ವೈರಿನ ಉದ್ದಕ್ಕೂ ಕೈಯಾಡಿಸಿದೆ, ಎಲ್ಲೂ ಬಿಸಿಯಾಗಿರಲಿಲ್ಲ. ಎರಡು ಬ್ಯಾಟರಿಗಳನ್ನು ಬೇರೆಬೇರೆ ಮಾಡಿ ಒಂದರಲ್ಲೇ ನಡೆಸಿದೆ. ಕೀಂಯ್. ಇನ್ನೊಂದರಲ್ಲಿ. ಕೀಂಯ್.

"ಮೂವತ್ತೈದು ಪಾಯಿಂಟ್ ಎಂಟು" ಎಂದರು ವಿಮಲಾಕ್ಷಿ.

ಅಷ್ಟರಲ್ಲಿ ಮೆಟ್ಟಿಲ ಮೇಲೆ ಜನ ಸೇರಿದ್ದರು. ನಮ್ಮೂರಲ್ಲಿ ಕರೆಂಟು ಹೋದರೆ ಎಲ್ಲರೂ ಮೊದಲು ಹೇಳುವುದು ಒಂದೇ ಮಾತು. "ತಳ ತಾಗಿರ್ಬೇಕು ಕಣಮ್ಮೋ!" ಎಂದು ನಾಲ್ಕು ಜನ ಕೂಗಿದರು. ಗಳ ಇಳಿಬಿಟ್ಟು ನೋಡಿದೆ. ದೋಣಿಯ ಕೆಳಗೆ ಎರಡಾಳು ನೀರಿತ್ತು. ಹಾಗಾದರೆ ಮಣ್ಣು? ಎಲ್ಲರಿಗೂ ಮತ್ತೊಮ್ಮೆ ಕಾಲು ತೊಳೆಸಿದೆ. ನೆಲವನ್ನು ಒದ್ದೆ ಬಟ್ಟೆಯಿಂದ ಮೂಲೆಮೂಲೆ ಒರೆಸಿದೆವು. ನನ್ನ ಚೀಲವನ್ನೇ ಮಗುಚಿ ಕೊಡವಿದೆ. ಸ್ವಿಚ್ಚು ಹಾಕಿಸಿದೆ. ಹಾಳಾದ್ದು ಮತ್ತೆ ಕೀಂಯ್.

ಪಕ್ಕದಲ್ಲೇ ಕಟ್ಟಿದ್ದ ಐಸ್ ದೋಣಿಯಿಂದ ಗುರುಬಸಪ್ಪ ಕೂಗಿದ. "ನನ್ ಬ್ಯಾಟ್ರಿ ತಗೋ ದೇವೀರಕ್ಕ! ಐಸು ಕರಗಿದ್ರೆ ಕರಗ್ಲಿ, ಕೂಸು ಮುಖ್ಯ." ಹಿಂದೆಯೇ ಚಟ್ನಿ ದೋಣಿಯವರು ತಮ್ಮ ಬ್ಯಾಟರಿ ತಂದರು, ಇಸ್ತ್ರಿಯವರು ಇನ್ವರ್ಟರನ್ನೇ ಕಳಚಿಕೊಂಡು ಬಂದರು. ಯಾರನ್ನೂ ನಾನು ಕೇಳಿರಲಿಲ್ಲ. ಅರ್ಧ ಗಂಟೆಯಲ್ಲಿ ಊರಿನ ಅರ್ಧ ಕೆಲಸ ನಿಂತು, ಅದರ ಕರೆಂಟೆಲ್ಲ ಆ ಕೂಸಿಗಾಗಿ ನನ್ನ ಕಾಲ ಬಳಿ ಬಂದು ಕೂತಿತ್ತು. ಈಗ ನೆನೆದರೂ ಕಣ್ಣು ತುಂಬುತ್ತದೆ. ಅವತ್ತು ಮಾತ್ರ ಅಳುವಷ್ಟು ಸಿಟ್ಟು ಬಂದಿತ್ತು. ಅವರವರ ದೋಣಿಯಲ್ಲಿ ಚೆನ್ನಾಗಿ ನಡೆಯುತ್ತಿದ್ದ ಬ್ಯಾಟರಿಗಳು ನನ್ನ ಕೈಗೆ ಬಂದ ಕೂಡಲೇ ಕುಸಿಯುತ್ತಿದ್ದವು.

"ದೇವೀರಿ ಕೈಲೂ ಆಗ್ಲಿಲ್ವಂತೆ" ಎಂದು ಯಾರೋ ಅಂದದ್ದು ಕಿವಿಗೆ ಬಿತ್ತು.

"ಮೂವತ್ತೈದು ಪಾಯಿಂಟ್ ನಾಲ್ಕು" ಎಂದರು ವಿಮಲಾಕ್ಷಿ. ದನಿ ಸಣ್ಣಗಾಗಿತ್ತು. ಸುಗುಣನ ನಡುಕ ಜಾಸ್ತಿಯಾಗಿದ್ದರಿಂದ ಕೂಸನ್ನು ಈಗ ಚೆನ್ನಾಜಮ್ಮನ ಎದೆಗೆ ಹಾಕಿದ್ದರು. ಮುದುಕಿಯ ಕಣ್ಣಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು. ಒಂದು ಕೈ ಕೂಸಿನ ಮೇಲೆ, ಇನ್ನೊಂದು ಕೈ ಸೊಂಟದ ಸಂಚಿಯ ಮೇಲೆ.

ಆಗ ದಡದಿಂದ ದಸ್ತಗೀರ್ ಸಾಬರ ದನಿ ಬಂತು. ಮಂಡಿ ನೋವಿನಿಂದ ಅವರು ದೋಣಿ ಹತ್ತುವುದು ಬಿಟ್ಟು ಐದು ವರ್ಷವಾಗಿತ್ತು. ಕೋಲೂರಿಕೊಂಡು ಕೊನೇ ಮೆಟ್ಟಿಲ ತನಕ ಬಂದಿದ್ದರು.

"ದೇವೀರಿ, ತಪ್ಪು ಹುಡುಕೋದ್ ಹೇಗೆ ಅಂತ ನಿಂಗೆ ಹೇಳ್ಕೊಟ್ಟಿದ್ದೆ?"

"ಒಂದೊಂದೇ ತೆಗೀತಾ ಬರ್ಬೇಕು" ಎಂದೆ, ಶಾಲೆಯ ಹುಡುಗಿಯಂತೆ.

"ಸಾಮಾನೆಲ್ಲ ತೆಗೆದ್ಯಲ್ಲ. ಈಗ ಜನಾನ ತೆಗಿ."

ಯಾರೋ ನಕ್ಕರು. ನನಗೆ ನಗು ಬರಲಿಲ್ಲ. ಬಿಸಿ ಪೆಟ್ಟಿಗೆಯ ಸ್ವಿಚ್ಚಿನ ಮೇಲೆ ವಿಮಲಾಕ್ಷಿಯ ಬೆರಳಿಡಿಸಿ, ನಾನು ಬ್ಯಾಟರಿ ಪೆಟ್ಟಿಗೆಯೊಳಗೆ ಬಗ್ಗಿ ಮೀಟರ್ ಹಿಡಿದುಕೊಂಡೆ. ಸಹಾಯಕ್ಕೆ ಬಂದಿದ್ದವರನ್ನು ಒಬ್ಬೊಬ್ಬರನ್ನಾಗಿ ಪಕ್ಕದ ಐಸ್ ದೋಣಿಗೆ ದಾಟಿಸಿದೆ. ಗುರುಬಸಪ್ಪ ತನ್ನ ಬ್ಯಾಟರಿ ವಾಪಸ್ಸು ಹೊತ್ತುಕೊಂಡು ದಾಟಿ ಐಸ್ ಮಷೀನಿಗೆ ಜೋಡಿಸಿದ. ಕೀಂಯ್. ಚಟ್ನಿ ದೋಣಿಯ ಗಂಡಹೆಂಡಿರು ದಾಟಿದರು. ಕೀಂಯ್. ಇಸ್ತ್ರಿಯವನು. ಕೀಂಯ್. ಉಳಿದವರು ವಿಮಲಾಕ್ಷಿ, ಸುಗುಣ, ಅಜ್ಜಿ, ನಾನು.

"ಅಜ್ಜೀ, ಕೂಸನ್ನ ಮಗಳ ಕೈಗೆ ಕೊಟ್ಟು ನೀವೂ ಒಂದ್ ನಿಮಿಷ ದಾಟಿ."

"ನಾನ್ಯಾಕವ್ವಾ?" ಎಂದರು ಚೆನ್ನಾಜಮ್ಮ. ಮುಖ ಬಿಳಿಚಿಕೊಂಡಿತ್ತು.

"ದಾಟಿ ಅಂದ್ರೆ ದಾಟಿ!"

ಅವರು ಕೂಸಿನ ಹಣೆಗೆ ಮುತ್ತಿಟ್ಟು ಸುಗುಣನ ಎದೆಗೆ ಹಾಕಿ ಐಸ್ ದೋಣಿಗೆ ಕಾಲಿಟ್ಟರು. ನನ್ನ ಕೈಯಲ್ಲಿದ್ದ ಮೀಟರಿನ ಮುಳ್ಳು ಹತ್ತರಿಂದ ಎದ್ದು ಹನ್ನೆರಡೂವರೆಗೆ ಹೋಗಿ ನಿಂತಿತು. ಬಿಸಿ ಪೆಟ್ಟಿಗೆಯ ಹಸಿರು ದೀಪ ಹತ್ತಿತು. ಅದೇ ಗಳಿಗೆಗೆ ಪಕ್ಕದ ದೋಣಿಯಲ್ಲಿ ಗುಂಯ್‌ಗುಡುತ್ತಿದ್ದ ಐಸ್ ಮಷೀನು ಗಂಟಲು ಕಟ್ಟಿದಂತೆ ಗೊರಗೊರ ಎಂದು ನಿಂತುಹೋಯಿತು.

ಸೊಂಟದ ಸಂಚಿಯ ಮೇಲಿದ್ದ ಆ ಕೈ ನನಗೆ ಆಗ ಅರ್ಥವಾಯಿತು.

ಹಾಳು ಮುದುಕಿ, ಎಂದಿತು ನನ್ನ ಮನಸ್ಸು. ಬಾಯಿ ತೆರೆದಿದ್ದೆ ಕೂಡ. ಇನ್ನೊಂದು ಉಸಿರಿಗೆ ಇಡೀ ಊರಿನ ಮುಂದೆ ಆ ಸಂಚಿಯನ್ನು ಕಿತ್ತು ಎತ್ತಿಹಿಡಿಯುತ್ತಿದ್ದೆ. ಚೆನ್ನಾಜಮ್ಮ ಐಸ್ ದೋಣಿಯ ಅಂಚಿನಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದರು. ಅವರಿಗೂ ಗೊತ್ತಾಗಿತ್ತು. ಆ ಮುಖವನ್ನು ನಾನು ಮೊದಲೇ ಬಲ್ಲೆ. ಸಿನಿಮಾ ದೋಣಿಯ ಮೇಲೆ ನಾಲಿಗೆ ಒಣಗಿ ನಿಂತ ಹತ್ತೊಂಬತ್ತರ ಹುಡುಗಿಯ ಮುಖ ಅದು.

"ಸಿಕ್ತು!" ಎಂದು ಕೂಗಿದೆ, ನಟ್ಟು ಬಿಗಿಯುವ ಪಾನಾ ಎತ್ತಿ ತೋರಿಸಿ. "ಮೈನಸ್ ನಟ್ಟು ಸಡಿಲ ಇತ್ತು! ನಾನೇ ಸರಿಯಾಗಿ ಬಿಗ್ದಿರ್ಲಿಲ್ಲ!"

ಮೆಟ್ಟಿಲ ಮೇಲೆ ಶುರುವಾಯಿತು ನೋಡಿ. "ಎಲಾ ಇವ್ಳ! ಒಂದ್ ನಟ್ಟಿಗೆ ಊರೆಲ್ಲ ಓಡಾಡಿಸಿದ್ಲಲ್ಲ!" "ಕೂಸಿನ್ ಜೀವ ತೆಗೀತಿದ್ಲು!" "ದೊಡ್ಡ ಮಾತಾಡ್ತಿದ್ಲು!" ಗುರುಬಸಪ್ಪ ಮಾತ್ರ, "ಅಯ್ಯೋ, ನನ್ ಮಷೀನ್ ಯಾಕೆ ನಿಲ್ತು?" ಎಂದು ಬಾಯಿಬಾಯಿ ಬಡಿದುಕೊಂಡ.

"ನಿನ್ ಬ್ಯಾಟ್ರಿ ಈಚೆ ತಂದು ನಾಕ್ ಸಲ ಬಿಚ್ಚಿದ್ದಾಗಿದೆ, ತಡಿ, ಸರಿ ಮಾಡ್ತೀನಿ" ಎಂದು ಗದರಿ, ಅತ್ತ ಜಿಗಿದು ಅಜ್ಜಿಯ ತೋಳು ಹಿಡಿದೆ. "ಬನ್ನಿ ಅಜ್ಜೀ, ತಲೆ ಸುತ್ತಿದೆ ನಿಮ್ಗೆ, ದಡದಲ್ಲಿ ಕೂತ್ಕೊಳಿ." ಅವರು ಮೆಟ್ಟಿಲು ಮುಟ್ಟಿದ ಕೂಡಲೇ ಐಸ್ ಮಷೀನು ಮತ್ತೆ ಗುಂಯ್ ಎಂದಿತು. ಪುಣ್ಯಕ್ಕೆ ಎಲ್ಲರೂ ನನ್ನನ್ನು ಬೈಯುವುದರಲ್ಲಿ ಮುಳುಗಿದ್ದರು.

ಬಟ್ಟೆ ಒಗೆಯುವ ಕಲ್ಲಿನ ಹಿಂದೆ ಕೂರಿಸಿ ಕೇಳಿದೆ. "ಎಷ್ಟಿದೆ?"

ಸಂಚಿಯಿಂದ ಪೊಟ್ಟಣ ತೆಗೆದರು. ಬಾಳೆಲೆ, ಅದರ ಮೇಲೆ ಮೇಣದ ಬಟ್ಟೆ, ಅದರ ಮೇಲೆ ಪ್ಲಾಸ್ಟಿಕ್ಕು. ಒಳಗೆ ಒಂದು ಹಿಡಿ ಅಂಗಳದ ಕೆಮ್ಮಣ್ಣು. "ಇಷ್ಟೆಲ್ಲ ಸುತ್ತಿದ್ರೆ ಕರೆಂಟಿಗೆ ಗೊತ್ತಾಗಲ್ಲ ಅನ್ಕೊಂಡೆ ಕಣವ್ವಾ. ಸುಗುಣಂಗೆ ಮೊದಲನೇದು ಗಂಡುಕೂಸು. ಅದೂ ಹೀಗೇ ತಿಂಗಳು ತುಂಬ್ದೆ ಬಂತು. ಮಣ್ಣು ಮುಟ್ಟಿಸೋಕೆ ಆಗ್ಲಿಲ್ಲ, ನಾಕೇ ದಿನಕ್ಕೆ ಹೋಯ್ತು. ಇದಕ್ಕೆ ಎಂಟು ದಿನ ಆಯ್ತು. ನೀರು ಇದನ್ನೂ ಕೇಳಿದ್ರೆ?" ಸೆರಗು ಬಾಯಿಗೆ ಒತ್ತಿಕೊಂಡರು. "ಕರೆಂಟ್ ಹೋದಾಗ ಅನ್ಮಾನ ಬಂತು. ಎಸೆಯೋಣ ಅನ್ಕೊಂಡೆ. ಎಸೆದ್ರೆ ಕೂಸನ್ನೇ ಎಸೆದ ಹಾಗಾಗತ್ತೇನೋ ಅಂತ ಕೈ ಬರ್ಲಿಲ್ಲ. ಹೇಳೋಕೆ ಬಾಯೂ ಬರ್ಲಿಲ್ಲ. ನಾನೇ ಕೊಲ್ತಿದ್ನಲ್ಲ, ದೇವೀರಿ, ನಾನೇ."

ಸಮಾಧಾನದ ಮಾತು ನನಗೆ ಬರುವುದಿಲ್ಲ. ಪೊಟ್ಟಣ ತೆಗೆದುಕೊಂಡೆ. "ಎಸೆಯೋದು ಬೇಡ. ನಮ್ಮನೆ ದೇವರ ಗೂಡಲ್ಲಿ ಇಟ್ಟಿರ್ತೀನಿ. ಕೂಸು ದಡಕ್ಕೆ ಬಂದ ದಿನ ಇದೇ ಮಣ್ಣು ಮುಟ್ಟಿಸೋಣ. ಅಲ್ಲೀ ತನಕ ನೀವು ದಿನಾ ಕಾಲು ತೊಳ್ಕೊಂಡು ಹೋಗಿ ಅದನ್ನ ನೋಡ್ಕೊಳಿ, ಸಂಚಿ ಮನೇಲಿ ಬಿಟ್ಟು" ಎಂದೆ. ಅವರು ನನ್ನ ಎರಡೂ ಕೈಗಳನ್ನು ಕಣ್ಣಿಗೆ ಒತ್ತಿಕೊಂಡರು. ಆಸಿಡ್ಡಿನ ಕೈ ಅಜ್ಜೀ, ಕಣ್ಣು ಉರಿಯತ್ತೆ ಎಂದು ಬಿಡಿಸಿಕೊಂಡೆ. ದೋಣಿಯಿಂದ ವಿಮಲಾಕ್ಷಿಯ ಕೂಗು ಬಂತು: "ಮೂವತ್ತಾರು! ಏರ್ತಿದೆ!"

ಅಜ್ಜಿಯನ್ನು ಮನೆಗೆ ಕಳಿಸಿ ಬಂದಾಗ ಸಾಬರು ಅದೇ ಮೆಟ್ಟಿಲಲ್ಲಿ ಕೂತು ಬೀಡಿ ಹಚ್ಚುತ್ತಿದ್ದರು. ನಾನು ಪಕ್ಕದಲ್ಲಿ ಕೂತೆ.

"ನಟ್ಟು ಸಡಿಲ ಇತ್ತಾ?" ಎಂದರು.

"ಹೂಂ."

"ನೀನ್ ಬಿಗಿದಿದ್ದು?"

"ಹೂಂ."

"ನಂಗೆ ಕಣ್ಣು ಮಂಜು ಅಂತ ಊರೆಲ್ಲ ಹೇಳತ್ತೆ. ಆದ್ರೂ ಒಂದೊಂದ್ ಸಲ ಕಾಣ್ಸತ್ತೆ" ಎಂದು ಐಸ್ ದೋಣಿಯ ಕಡೆ ಗದ್ದದಿಂದ ತೋರಿಸಿ ನಕ್ಕರು.

ಇಪ್ಪತ್ತೆಂಟು ವರ್ಷದಿಂದ ಹೇಳದೆ ಉಳಿಸಿಕೊಂಡಿದ್ದ ಮಾತು ಆಗ ಹೊರಗೆ ಬಂತು. "ಸಾಬರೇ, ಸಿನಿಮಾ ದೋಣಿ ಇನ್ವರ್ಟರ್ ಸುಟ್ಟಿದ್ದು ನಾನು. ನೀವು ನಿಮ್ ಮೇಲೆ ಹಾಕ್ಕೊಂಡ್ರಿ. ಅವತ್ತು ನೀವು ಹಾಗನ್ನದೆ ಇದ್ದಿದ್ರೆ ನಾನು ಪಾನಾ ಬಿಸಾಕಿ ಮನೆ ಸೇರ್ಕೋತಿದ್ದೆ. ನಂದು ಅಂತ ಏನಿದೆಯೋ ಎಲ್ಲ ನಿಮ್ಮಿಂದ. ಹೇಳೋಕೆ ಇಷ್ಟು ವರ್ಷ ಬೇಕಾಯ್ತು ನೋಡಿ, ಎಂಥ ಕೊಬ್ಬು ನಂಗೆ!" ಅಳಬಾರದೆಂದಿದ್ದೆ, ಹೋ ಎಂದು ಅತ್ತೆ.

ಅವರು ಬೀಡಿಯ ಬೂದಿ ಕೊಡವಿದರು. "ಅಡ್ಡಹೆಸರು ಮೊದಲೊಂದ್ ವರ್ಷ ಚುಚ್ಚತ್ತೆ. ಆಮೇಲೆ ಒಗ್ಗತ್ತೆ" ಎಂದರು. ಎದ್ದು ನಿಲ್ಲಲು ಕೈ ಚಾಚಿದರು, ನಾನು ಎತ್ತಿದೆ.

ಮೂವತ್ತನಾಲ್ಕನೇ ದಿನ ಕೂಸು ಎರಡು ಕೆಜಿಯಾಗಿ ದಡಕ್ಕೆ ಬಂತು. ಬ್ಯಾಟರಿ ಕೊಟ್ಟವರು, ಬೈದವರು, ಎಲ್ಲರೂ ಮೆಟ್ಟಿಲ ತುಂಬ ನಿಂತಿದ್ದರು. ಪರವೂರಿನ ಕೆಲಸಕ್ಕೆ ರಜೆ ಹಾಕಿ ಬಂದಿದ್ದ ಸುಗುಣನ ಗಂಡ ಕೂಸನ್ನು ಎತ್ತಿಕೊಂಡಿದ್ದ, ಅದನ್ನು ಹಿಡಿಯುವ ಬಗೆ ತಿಳಿಯದೆ ಬೆವರುತ್ತಿದ್ದ. ದೇವರ ಗೂಡಿನಿಂದ ತಂದ ಪೊಟ್ಟಣವನ್ನು ನಾನು ಗುಟ್ಟಾಗಿ ಚೆನ್ನಾಜಮ್ಮನ ಕೈಗಿಟ್ಟೆ. ಅವರು ಕೆಮ್ಮಣ್ಣನ್ನು ಮೇಲಿನ ಮೆಟ್ಟಿಲ ಮೇಲೆ ಸುರಿದು, ಹುಣಸೆಬೀಜದಷ್ಟಿದ್ದ ಆ ಹಿಮ್ಮಡಿಯನ್ನು ಮುಟ್ಟಿಸಿದರು. ಕೂಸು ಕೆರೆಯ ಆಚೆ ದಡಕ್ಕೆ ಕೇಳುವಂತೆ ಕಿರುಚಿಕೊಂಡಿತು. ಜನ ಚಪ್ಪಾಳೆ ತಟ್ಟಿದರು.

ಚೆನ್ನಾಜಮ್ಮ ಎದ್ದು ನಿಂತು ಎಲ್ಲರಿಗೂ ಕೈಮುಗಿದರು. "ಒಂದ್ ಮಾತು ಹೇಳ್ಬೇಕು ನಿಮ್ಗೆಲ್ಲ. ಅವತ್ತು ದೋಣೀಲಿ ಕರೆಂಟ್ ಹೋಗಿದ್ದು..."

ಅಷ್ಟರಲ್ಲಿ ಹಿಂದಿನಿಂದ ಕೋಲು ಟಕ್ ಎಂದಿತು.

"ಅವತ್ತು ಹೋಗಿದ್ದು ಸಡಿಲ ನಟ್ಟಿನಿಂದ ಕಣಮ್ಮ" ಎಂದರು ದಸ್ತಗೀರ್ ಸಾಬರು ಗಟ್ಟಿಯಾಗಿ. "ನಟ್ಟು ಬಿಗಿಯೋದು ಇವಳಿಗೆ ಹೇಳ್ಕೊಟ್ಟೋನು ನಾನು. ಸರಿಯಾಗಿ ಕಲಿಸ್ಲಿಲ್ಲ. ನಂಗೆ ಕಣ್ಣು ಬೇರೆ ಮಂಜು, ನೋಡಿ."

ಊರು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಚೆನ್ನಾಜಮ್ಮ ಅವರನ್ನು ನೋಡಿದರು, ನನ್ನನ್ನು ನೋಡಿದರು, ಕಣ್ಣೊರೆಸಿಕೊಂಡು ಸುಮ್ಮನೆ ಕೂತರು. ಮುಂದಿನ ವರ್ಷ ಸಾಬರು ತೀರಿಕೊಂಡರು. ಇಂದಿಗೂ ಅವರ ಮಾತು ಬಂದರೆ ಮಂಜುಗಣ್ಣಿನ ಸಾಬರು ಎಂದೇ ಜನ ನೆನೆಯುತ್ತಾರೆ.

ಆ ಕೂಸಿಗೀಗ ಎಂಟು ವರ್ಷ. ಶಾಲೆ ಬಿಟ್ಟ ಕೂಡಲೇ ಚೀಲ ಎಸೆದು ದಡಕ್ಕೆ ಓಡಿಬರುತ್ತಾಳೆ, ಕೊನೇ ಮೆಟ್ಟಿಲಲ್ಲಿ ಕಾಲು ತೊಳೆಯುತ್ತಾ, "ಸಡಿಲ ನಟ್ಟಜ್ಜೀ, ನಾನು ಬರ್ಲಾ?" ಎಂದು ಕೆರೆಗೆಲ್ಲ ಕೇಳುವಂತೆ ಕೂಗುತ್ತಾಳೆ.

"ಓ" ಎನ್ನುತ್ತೇನೆ. "ಬಾ."